ನಾಲ್ಕು ಗಂಟೆಯ ಸಾಲು

ಮನುಷ್ಯನ ದೇಹದಲ್ಲಿ ತಲೆಗಿಂತ ಮುಖ್ಯವಾದ ಭಾಗ ಮತ್ತೊಂದಿಲ್ಲ. ದೇವರು ಅದನ್ನು ಎಲ್ಲಕ್ಕಿಂತ ಮೇಲೆ, ಗಟ್ಟಿ ಮೂಳೆಯ ಪೆಟ್ಟಿಗೆಯೊಳಗೆ ಭದ್ರವಾಗಿ ಇಟ್ಟಿದ್ದಾನೆಂದರೆ ಅದರ ಯೋಗ್ಯತೆ ಎಂಥದೆಂದು ಊಹಿಸಬಹುದು. ಬಹಳ ವರ್ಷ ನಾನು ಹೀಗೇ ನಂಬಿಕೊಂಡಿದ್ದೆ. ಆಮೇಲೆ ಬೆಂಗಳೂರು-ಮೈಸೂರು ರಸ್ತೆಯ ಪಕ್ಕದಲ್ಲಿ ಕೆಲಸಕ್ಕೆ ಸೇರಿದೆ. ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವವರನ್ನು ದಿನಬೆಳಗಾದರೆ ನೋಡಿ ನೋಡಿ, ಮನುಷ್ಯನ ಅತಿ ಮುಖ್ಯ ಅಂಗ ಟ್ಯಾಂಕೇ ಇರಬೇಕೆಂದು ಅಭಿಪ್ರಾಯ ಬದಲಿಸಿಕೊಂಡೆ.

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಾನು ಗಂಡು ನರ್ಸು. ಹೆಣ್ಣು ನರ್ಸನ್ನು ಸಿಸ್ಟರ್ ಎನ್ನುವ ನ್ಯಾಯದಲ್ಲಿ ನಮ್ಮನ್ನು ಬ್ರದರ್ ಎನ್ನುತ್ತಾರೆ. ತಲೆಗೆ ಪೆಟ್ಟು ಬಿದ್ದವನನ್ನು ಉಳಿಸುವವರು ಬೆಂಗಳೂರಿನ ದೊಡ್ಡ ಸರ್ಜನ್ನರು, ನಿಜ. ಆದರೆ ರಸ್ತೆಯಿಂದ ಆ ಸರ್ಜನ್ನರ ಮೇಜಿನವರೆಗೆ ಅವನು ಎಷ್ಟು ಕೈ ದಾಟಿ ಹೋಗುತ್ತಾನೆಂದು ಯಾರೂ ಲೆಕ್ಕವಿಟ್ಟಿಲ್ಲ. ದಾರಿಯಲ್ಲಿ ಎತ್ತಿಕೊಂಡವನು, ವ್ಯಾನಿನ ಡ್ರೈವರು, ಎಕ್ಸ್‌ರೇ ತೆಗೆಯುವವನು, ಬ್ರದರು, ಕೊನೆಗೆ ಹಾಸಿಗೆಯ ಪಕ್ಕದಲ್ಲಿ ಕೂತ ಅಕ್ಕನೋ ಹೆಂಡತಿಯೋ. ನಮ್ಮ ಕುರಿತು ಯಾರೂ ಗ್ರಂಥ ಬರೆಯುವುದಿಲ್ಲ. ಬರೆಯದಿರುವುದೇ ಒಳ್ಳೆಯದೆಂದು ಇದನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೂ ಅನ್ನಿಸಬಹುದು.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ದೆವ್ವ, ಮುನ್ಸೂಚನೆ, ಶಕುನ, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಪ್ರತಿ ಆಸ್ಪತ್ರೆಯಲ್ಲೂ ಒಂದು ಕೆಟ್ಟ ಮಂಚ ಇರುತ್ತದೆ. ಅದರಲ್ಲಿ ಮಲಗಿದವರು ಎದ್ದು ಹೋಗುವುದಿಲ್ಲ ಎಂಬ ಪ್ರತೀತಿ ಇರುತ್ತದೆ. ನಮ್ಮಲ್ಲಿ ಅದು ಒಂಬತ್ತನೇ ನಂಬರಿನ ಮಂಚ. ನಾನು ಎಷ್ಟೋ ದಿನ ಊಟವಾದ ಮೇಲೆ ಅದರಲ್ಲೇ ಮಲಗಿ ಗೊರಕೆ ಹೊಡೆದು ಎದ್ದು ಹೋಗಿದ್ದೇನೆ. ಎಕ್ಸ್‌ರೇ ಕೋಣೆಯಲ್ಲಿ ಮಗು ಅಳುತ್ತದೆಂದು ಆಯಾ ಅಲ್ಲಿಗೆ ಕಸ ಗುಡಿಸಲು ಹೋಗುತ್ತಿರಲಿಲ್ಲ. ನಾನು ಸ್ಟೂಲ್ ಹತ್ತಿ ಗಾಳಿ ಹೊರಹಾಕುವ ಫ್ಯಾನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟೆ. ಮಗು ಶಾಶ್ವತವಾಗಿ ಸುಮ್ಮನಾಯಿತು. ಹೀಗೆ ನನ್ನ ಕೈಯಲ್ಲಿ ಮೋಕ್ಷ ಪಡೆದ ಪಿಶಾಚಿಗಳು ಮೂರೋ ನಾಲ್ಕೋ ಇದ್ದವು.

ನಾನಿದ್ದದ್ದು ಚನ್ನಪಟ್ಟಣದ ಹೆದ್ದಾರಿಗೆ ಮುಖ ಮಾಡಿದ ಹದಿನೈದು ಹಾಸಿಗೆಯ ಒಂದು ನರ್ಸಿಂಗ್ ಹೋಂ. ಮೊದಮೊದಲು ಅಲ್ಲಿಗೆ ಬರುತ್ತಿದ್ದವರು ತೆಂಗಿನ ಮರದಿಂದ ಬಿದ್ದವರು, ಎತ್ತು ಹಾಯ್ದವರು, ಗೊಂಬೆ ಕಡೆಯುವ ಯಂತ್ರಕ್ಕೆ ಬೆರಳು ಕೊಟ್ಟವರು. ಆಮೇಲೆ ಬಿಡದಿಯ ಕಡೆ ಒಂದಾದ ಮೇಲೊಂದು ಕಾರ್ಖಾನೆ ಎದ್ದವು. ಸಾತನೂರು, ಕೋಡಿಹಳ್ಳಿ, ಮಾಗಡಿ, ಎಲ್ಲ ಕಡೆಯ ಹುಡುಗರೂ ಮೋಟಾರ್ ಬೈಕು ತೆಗೆದುಕೊಂಡು ಶಿಫ್ಟಿಗೆ ಹೋಗತೊಡಗಿದರು. ಅದೇ ಹೊತ್ತಿಗೆ ಹೆದ್ದಾರಿಯನ್ನು ಅಗಲ ಮಾಡುವ ಕೆಲಸವೂ ನಡೆದಿತ್ತು. ರಸ್ತೆಯ ಮೇಲೆ ಎಲ್ಲೆಂದರಲ್ಲಿ ಜಲ್ಲಿಯ ರಾಶಿ. ನಿದ್ದೆಗೆಟ್ಟ ಹುಡುಗ, ಹೊಸ ಬೈಕು, ದೀಪವಿಲ್ಲದ ಜಲ್ಲಿ ರಾಶಿ, ಈ ಮೂರೂ ಕೂಡಿದರೆ ನಮ್ಮ ಬಾಗಿಲು ತೆರೆಯುತ್ತಿತ್ತು.

ತಲೆಪೆಟ್ಟಿನ ರೋಗಿಗೆ ನಮ್ಮ ಕೈಯಲ್ಲಿ ಆಗುತ್ತಿದ್ದ ದೊಡ್ಡ ಚಿಕಿತ್ಸೆ ಎಂದರೆ ಕಾಯುವುದು. ಕಾಯುವುದಕ್ಕೆ ಒಂದು ಚಾರ್ಟು. ಎಡಗಡೆ ಗಂಟೆ, ಒಂದೊಂದು ಗಂಟೆಗೆ ಒಂದೊಂದು ಸಾಲು. ಕರೆದರೆ ಕಣ್ಣು ಬಿಡುತ್ತಾನೆಯೇ, ಮಾತು ಸರಿಯಿದೆಯೇ, ಕೈಕಾಲು ಆಡಿಸುತ್ತಾನೆಯೇ, ನಾಡಿ ಎಷ್ಟು, ಬಿಪಿ ಎಷ್ಟು. ಎಲ್ಲಕ್ಕಿಂತ ಮುಖ್ಯ, ಟಾರ್ಚು ಬಿಟ್ಟು ಕಣ್ಣಿನ ಪಾಪೆ ನೋಡುವುದು. ಎರಡು ಪಾಪೆಯೂ ಸಮನಾಗಿದ್ದು ಬೆಳಕಿಗೆ ಕುಗ್ಗಿದರೆ ಕ್ಷೇಮ. ಒಂದು ದೊಡ್ಡದಾಗಿ ಬೆಳಕಿಗೆ ಅಲುಗದೆ ನಿಂತರೆ, ತಲೆಬುರುಡೆಯೊಳಗೆ ರಕ್ತ ತುಂಬಿ ಮಿದುಳನ್ನು ಅದುಮುತ್ತಿದೆ ಎಂದರ್ಥ. ಎರಡೂ ಹಾಗಾದರೆ ಉಳಿದಿರುವುದು ಬಹಳ ಸ್ವಲ್ಪ ಹೊತ್ತು. ಮೈಸೂರಿನಲ್ಲಿ ನಮಗೆ ಕಲಿಸಿದ ಮೇಟ್ರನ್, ಕಂಡಾಗ ಬರೆಯಿರಿ, ಕಂಡದ್ದನ್ನು ಬರೆಯಿರಿ ಎಂದು ನಮ್ಮ ಕಿವಿ ಹಿಂಡಿ ಹೇಳಿದ್ದರು. ಕಿವಿ ಹಿಂಡಿದ್ದು ಅಲಂಕಾರಕ್ಕೆ ಹೇಳಿದ ಮಾತಲ್ಲ.

ಆದರೆ ಹದಿನೈದು ಹಾಸಿಗೆಗೆ ಒಬ್ಬನೇ ಇದ್ದಾಗ ಕಂಡಾಗ ಬರೆಯಲು ಸಮಯವೆಲ್ಲಿ? ನಮ್ಮ ಕಸುಬಿನಲ್ಲಿ ಇದಕ್ಕೊಂದು ಉಪಾಯವಿತ್ತು. ಹೊರಗಿನವರಿಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ರೋಗಿ ಸ್ಥಿರವಾಗಿದ್ದಾನೆಂದು ಕಂಡರೆ, ಮುಂದಿನ ಐದಾರು ಗಂಟೆಯ ಸಾಲುಗಳನ್ನು ಒಂದೇ ಸಲ ಕೂತು ತುಂಬಿಬಿಡುವುದು. ನಾಡಿ ಪ್ರತಿ ಸಾಲಿನಲ್ಲೂ ಒಂದೇ ಇದ್ದರೆ ಡಾಕ್ಟರಿಗೆ ಅನುಮಾನ ಬರುತ್ತದೆ. ಆದ್ದರಿಂದ ಎಪ್ಪತ್ತೆಂಟು, ಎಂಬತ್ತು, ಎಪ್ಪತ್ತಾರು ಎಂದು ಒಂದಿಷ್ಟು ಪ್ರಕೃತಿಸಹಜ ಏರಿಳಿತ ಕೊಡಬೇಕು. ಕಾದಂಬರಿಕಾರರಿಗೆ ಸಲ್ಲುವ ಗೌರವ ನಮಗೆ ಸಲ್ಲಲಿಲ್ಲ ಎಂಬುದೊಂದೇ ಕೊರತೆ.

ಕೆಂಪರಾಜು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಕೋಸು ತುಂಬಿದ ಗೂಡ್ಸ್ ಆಟೋದಲ್ಲಿ. ಸಾತನೂರಿನ ಹತ್ತಿರದ ಹಳ್ಳಿಯವನು, ಇಪ್ಪತ್ತಾರು ವರ್ಷ, ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸ. ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದವನು ಜಲ್ಲಿಗೆ ನುಗ್ಗಿದ್ದ. ಬಂದಾಗ ಮಂಕು ಕವಿದಿತ್ತು. ಅರ್ಧ ಗಂಟೆಯಲ್ಲಿ ಸರಿಹೋದ. ನಮ್ಮ ಡಾಕ್ಟರು ಬಂದು ಬಲಗಿವಿಯ ಮೇಲೆ ಹೊಲಿಗೆ ಹಾಕಿದರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, ಗಾಬರಿಯಾಗುವಂಥದೇನಿಲ್ಲ, ಗಂಟೆಗೊಮ್ಮೆ ಚಾರ್ಟ್ ಬರೆಯಿರಿ, ನಾಳೆ ಬೆಂಗಳೂರಿಗೆ ಸ್ಕ್ಯಾನಿಗೆ ಕಳಿಸೋಣ ಎಂದರು. ಸ್ಕ್ಯಾನಿಂಗ್ ಯಂತ್ರ ಆಗ ನಮ್ಮ ಊರಿಗಿನ್ನೂ ಬಂದಿರಲಿಲ್ಲ. ಹತ್ತು ಗಂಟೆಗೆ ಡಾಕ್ಟರು ತಮ್ಮ ಭಾವಮೈದುನನ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೊರಟರು. ಅವತ್ತು ಮುಹೂರ್ತ ಚೆನ್ನಾಗಿತ್ತು. ನಮ್ಮ ಇಬ್ಬರು ಸಿಸ್ಟರುಗಳೂ ಮದುವೆಗೆಂದು ರಜೆ ಹಾಕಿದ್ದರು.

ಸುದ್ದಿ ತಿಳಿದು ಊರಿನಿಂದ ಓಡಿ ಬಂದು ಕೆಂಪರಾಜುವಿನ ಜೊತೆಗೆ ಕೂತವಳು ಅವನ ಅಕ್ಕ ಚಿಕ್ಕತಾಯಮ್ಮ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದು ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು. ಬೆಳಗಿನ ಹೊತ್ತು ನಾನು ಧರ್ಮಪ್ರಕಾರ ಗಂಟೆಗೊಮ್ಮೆ ಹೋಗಿ ಟಾರ್ಚು ಬಿಟ್ಟು ನೋಡುತ್ತಿದ್ದೆ. ಮೂರನೇ ಸಲಕ್ಕೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು.

"ಏನ್ ಬ್ರದ್ರೇ, ಗಳ್ಗೆಗೊಂದ್ ಕಿತ ಬಂದು ಬ್ಯಾಟ್ರಿ ಬುಟ್ಟು ನೋಡ್ತೀರಲ್ಲ, ಅವ್ನ ಕಣ್ಣೊಳ್ಗೆ ಏನ್ ಬೀಳ್ಸ್‌ಕಂಡಿದ್ದೀರಿ?"

ಕೆಂಪರಾಜು ಮಲಗಿದ್ದಲ್ಲೇ ನಕ್ಕ. "ಸುಮ್ಕಿರಕ್ಕ, ನಿನ್ ಬಾಯಿಗೆ ಹೆದ್ರಿ ಅವ್ರು ಸೂಜಿ ದಪ್ಪದ್ದು ಹಾಕ್‌ಬುಟ್ಟಾರು."

ಇಂಥ ರೋಗಿಯನ್ನು ನೋಡಿದರೆ ಯಾವ ಬ್ರದರಿಗೂ ಧೈರ್ಯ ಬರುತ್ತದೆ. ಹನ್ನೆರಡಕ್ಕೆ ಸರಿಯಾಗಿ ನೋಡಿದೆ: ಪಾಪೆಗಳೆರಡೂ ಸಮ, ಬೆಳಕಿಗೆ ಚುರುಕಾಗಿ ಕುಗ್ಗುತ್ತಿದ್ದವು. ಒಸಿ ತಲೆನೋವು ಐತೆ ಎಂದ, ಅಷ್ಟೇ. ಹೊಲಿಗೆ ಬಿದ್ದ ತಲೆ ನೋಯದೆ ಏನು ಮಾಡೀತು? ಅತ್ತ ಎರಡನೇ ಮಂಚದ ಬಾಣಂತಿಗೆ ಡ್ರಿಪ್ಪು ನಿಂತಿತ್ತು. ವಾಂತಿಭೇದಿಯ ಮಗುವೊಂದು ಬಂದು ಕಾಯುತ್ತಿತ್ತು. ನಾನು ಮೇಜಿನ ಮುಂದೆ ಕೂತು, ನೀಲಿ ಪೆನ್ನಿನಲ್ಲಿ, ಮಧ್ಯಾಹ್ನ ಒಂದರಿಂದ ಸಂಜೆ ಆರರವರೆಗಿನ ಆರು ಸಾಲುಗಳನ್ನು ಎರಡೇ ನಿಮಿಷದಲ್ಲಿ ಬರೆದು, ಚಾರ್ಟನ್ನು ಮಂಚದ ತುದಿಗೆ ತಗುಲಿಹಾಕಿ ಮಗುವಿನ ಕಡೆ ಹೋದೆ. ಆರು ಸಾಲೂ ಬರೆದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಕೊನೆಯ ಸಾಲು ಮುಗಿಸಿ ಪೆನ್ನಿನ ಟೋಪಿ ಹಾಕಿದ್ದೂ ನೆನಪಿದೆ.

ಮತ್ತೆ ಆ ಕಡೆ ಹೋದದ್ದು ಎರಡೂವರೆಗೆ.

"ಯಾಕ್ ಬ್ರದ್ರೇ, ಬ್ಯಾಟ್ರಿ ಸೆಲ್ ಮುಗ್ದೋಯ್ತಾ? ಹನ್ನೆಲ್ಡ್ ಗಂಟೆಯಿಂದ ಪತ್ತೆನೇ ಇಲ್ಲ" ಎಂದಳು ಚಿಕ್ಕತಾಯಮ್ಮ. ಕೆಲಸವಿತ್ತಮ್ಮ ಎಂದು ಚಾರ್ಟು ಕೈಗೆ ತೆಗೆದುಕೊಂಡೆ. ಓದಲು ಅಲ್ಲ; ಅವಳ ಮುಖ ತಪ್ಪಿಸಲು.

ಒಂದು, ಎರಡು, ಮೂರು ಗಂಟೆಯ ಸಾಲುಗಳು ನಾನು ಬರೆದಂತೆಯೇ ಇದ್ದವು. ನಾಲ್ಕು ಗಂಟೆಯ ಸಾಲಿನಲ್ಲಿ ಹೀಗಿತ್ತು: ಕರೆದರೆ ಕಣ್ಣು ಬಿಡುವುದಿಲ್ಲ. ಮಾತಿಲ್ಲ. ಎಡಗೈ ಎಡಗಾಲು ಆಡುತ್ತಿಲ್ಲ. ನಾಡಿ ಐವತ್ತೆರಡು. ಬಿಪಿ ನೂರ ಎಂಬತ್ತು, ನೂರು. ಬಲಗಣ್ಣಿನ ಪಾಪೆ ದೊಡ್ಡದು, ಬೆಳಕಿಗೆ ಅಲುಗುವುದಿಲ್ಲ. ಐದು ಗಂಟೆಯ ಸಾಲಿನಲ್ಲಿ ಎರಡು ಪಾಪೆಗಳೂ ದೊಡ್ಡವು, ಎರಡೂ ಅಲುಗುವುದಿಲ್ಲ. ಆರು ಗಂಟೆಯ ಸಾಲು ಖಾಲಿ.

ಅಕ್ಷರ ನನ್ನದೇ. ಏಳಕ್ಕೆ ನಡುವೆ ಗೆರೆ ಎಳೆಯುವ ಮೇಟ್ರನ್ ಕಲಿಸಿದ ಅಭ್ಯಾಸ ಮೇಲಿನ ಸಾಲುಗಳಲ್ಲಿ ಇತ್ತು, ಐವತ್ತೆರಡರ ಐದನ್ನು ಕೊಂಕಿಸುವ ನನ್ನ ಕೆಟ್ಟ ಅಭ್ಯಾಸ ಕೆಳಗಿನ ಸಾಲಿನಲ್ಲಿ ಇತ್ತು. ಶಾಯಿ ಅದೇ ನೀಲಿ. ಆ ಹೊತ್ತಿಗೆ ವಾರ್ಡಿನಲ್ಲಿ ಚಾರ್ಟು ಬರೆಯಬಲ್ಲವನು ನಾನೊಬ್ಬನೇ. ಆಯಾಳಿಗೆ ರುಜು ಹಾಕಲೂ ಬರುತ್ತಿರಲಿಲ್ಲ.

ದೆವ್ವಗಳು ಕತ್ತಲಾಗುವವರೆಗೆ ಕಾಯುತ್ತವೆ ಎಂದು ಕೇಳಿದ್ದೆ. ಹಾಡುಹಗಲು ಎರಡೂವರೆಗೆ, ಡೆಟ್ಟಾಲಿನ ವಾಸನೆಯ ನಡುವೆ, ಎದುರಿಗೆ ಲಾರಿಗಳ ಹಾರನ್ ಕೇಳುತ್ತಿರುವಾಗ ನಾನು ಆ ಎರಡು ಸಾಲುಗಳನ್ನು ಮತ್ತೆ ಓದಿದೆ. ಟಾರ್ಚು ತೆಗೆದು ಕೆಂಪರಾಜುವಿನ ಕಣ್ಣಿಗೆ ಬಿಟ್ಟೆ. ಎರಡು ಪಾಪೆಯೂ ಸಮ. ಎರಡೂ ಕುಗ್ಗಿದವು. ನಾಡಿ ಎಪ್ಪತ್ತಾರು. ಕೈ ಹಿಚುಕು ಎಂದೆ, ಬೆರಳು ಮುರಿಯುವ ಹಾಗೆ ಹಿಚುಕಿದ. "ಅಣ್ಣ, ನಾಳೆ ಸೆಕೆಂಡ್ ಶಿಫ್ಟು ನಂದು. ಸೂಪರ್‌ವೈಸರ್‌ಗೆ ಒಂದ್ ಫೋನ್ ಮಾಡಿಸ್ತೀರಾ?" ಎಂದು ಕೇಳಿದ.

ಎರಡು ದಾರಿಗಳಿದ್ದವು. ಸಾಲುಗಳನ್ನು ಹೊಡೆದು ಹಾಕಿ, ಬೇರೆ ಚಾರ್ಟು ಬರೆದು, ನನ್ನ ಮೆದುಳಿಗೆ ಸ್ವಲ್ಪ ವಿಶ್ರಾಂತಿ ಬೇಕಾಗಿದೆಯೆಂದು ತೀರ್ಮಾನಿಸುವುದು ಒಂದು. ಚಾರ್ಟನ್ನು ನಂಬುವುದು ಇನ್ನೊಂದು. ನಂಬುವುದಾದರೆ ತಡಮಾಡುವ ಹಾಗಿರಲಿಲ್ಲ. ತಲೆ ತೆರೆಯುವವರು ಇದ್ದದ್ದು ಬೆಂಗಳೂರಿನಲ್ಲಿ, ಅಗೆದು ಹಾಕಿದ ರಸ್ತೆಯಲ್ಲಿ ಒಂದೂವರೆ ಗಂಟೆಯ ದಾರಿ. ಆದರೆ ಡಾಕ್ಟರಿಗೆ ಏನು ಹೇಳುವುದು? ನಾನು ಹನ್ನೆರಡು ಗಂಟೆಗೇ ಕದ್ದು ಬರೆದ ಚಾರ್ಟು ನಾಲ್ಕು ಗಂಟೆಗೆ ಇವನು ಕೆಡುತ್ತಾನೆಂದು ಹೇಳುತ್ತಿದೆ ಎನ್ನುವುದೇ? ಒಂದೇ ವಾಕ್ಯದಲ್ಲಿ ಕಳ್ಳನೂ ಹುಚ್ಚನೂ ಆಗುವ ಅವಕಾಶ ಮನುಷ್ಯನಿಗೆ ಅಪರೂಪ.

ನಾನು ಫೋನು ತೆಗೆದುಕೊಂಡು ಅಂಗಳಕ್ಕೆ ಹೋದೆ. ಆ ಕಡೆ ವಾಲಗ, ಎಲೆ ಹಾಕುವವರ ಕೂಗು. "ಏನ್ ಬ್ರದರ್, ಬೇಗ ಹೇಳಿ, ಪಂಕ್ತಿಯಲ್ಲಿ ಕೂತಿದ್ದೀನಿ" ಎಂದರು ಡಾಕ್ಟರು. ನಾನು ನಾಲ್ಕು ಗಂಟೆಯ ಸಾಲನ್ನು, ಈಗ ತಾನೇ ಕಂಡೆನೆಂಬಂತೆ, ಎಡಗೈ ಎಡಗಾಲಿನಿಂದ ಪಾಪೆಯವರೆಗೆ ಒಂದೊಂದಾಗಿ ಓದಿ ಹೇಳಿದೆ. "ತಕ್ಷಣ ಶಿಫ್ಟ್ ಮಾಡಿ. ಲೆಟರ್ ನೀವೇ ಬರೀರಿ, ಟೈಮ್ ಹಾಕಿ" ಎಂದರು. ನಾನು ಬರೆದೆ: ಮಧ್ಯಾಹ್ನ ಎರಡೂ ಮುಕ್ಕಾಲು, ಬಲಗಣ್ಣಿನ ಪಾಪೆ ಸ್ಥಗಿತ. ಇದೊಂದು ಸಮಯ ಬರೆದದ್ದು ಎಂಥ ತಪ್ಪೆಂದು ಆಗ ಹೊಳೆಯಲಿಲ್ಲ.

ಚಿಕ್ಕತಾಯಮ್ಮ ಮಂಚದ ಮುಂದೆ ನಿಂತುಬಿಟ್ಟಳು. "ನಮ್ಮೆಜಮಾನ್ರೂ ಹಿಂಗೇ ನಗ್ತಾ ಮಾತಾಡ್ತಾ ಇದ್ರು. ಬೆಂಗ್ಳೂರ್ಗೆ ಅಂತ ಕರ್ಕಂಡೋದ್ರು. ವಾಪಸ್ ಬಂದಿದ್ದು ಬಟ್ಟೆ ಸುತ್ಕಂಡು. ನಾನ್ ಕಳ್ಸಕಿಲ್ಲ."

ಕಣ್ಣಿನ ಪಾಪೆ ದೊಡ್ಡದಾಗುತ್ತಿದೆಯಮ್ಮ, ಅದು ಅಪಾಯ ಎಂದೆ.

"ಎಲ್ಲಿ, ಕೊಡಿ ಇಲ್ಲಿ" ಎಂದು ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡು, ತಮ್ಮನ ರೆಪ್ಪೆಯನ್ನು ನಾನು ಮಾಡುತ್ತಿದ್ದ ಹಾಗೆಯೇ ಹೆಬ್ಬೆಟ್ಟಿನಿಂದ ಮೇಲೆತ್ತಿ, ಬಲಗಣ್ಣು ನೋಡಿದಳು, ಎಡಗಣ್ಣು ನೋಡಿದಳು. ಬೆಳಗಿನಿಂದ ನೋಡಿಯೇ ಕಲಿತುಬಿಟ್ಟಿದ್ದಳು. "ಎಲ್ಡೂ ಒಂದೇ ತರ ಅವೆ ಕಣ್ ಬ್ರದ್ರೇ."

ನನ್ನ ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಮುಖಕ್ಕೆ ತಂದುಕೊಂಡು, ನಿಮಗೆ ಗೊತ್ತಾಗುವುದಿಲ್ಲ, ಅಭ್ಯಾಸ ಇರುವವರಿಗಷ್ಟೇ ಕಾಣುವುದು ಎಂದೆ. ಅವಳು ಕಂಡದ್ದೇ ನಿಜ, ನಾನು ಹೇಳಿದ್ದು ಸುಳ್ಳು. ಅವಳು ಟಾರ್ಚನ್ನು ನನ್ನ ಕೈಗೆ ಕೊಟ್ಟು ದಾರಿ ಬಿಟ್ಟಳು. "ನಿಮ್ಮನ್ನ ನಂಬ್ತಾ ಇವ್ನಿ" ಎಂದಳು. ಆ ಮಾತನ್ನು ಕೇಳುವ ಯೋಗ್ಯತೆ ಆ ದಿನ ನನಗೆ ಇರಲಿಲ್ಲ.

ಆಗ ಅಂಬುಲೆನ್ಸ್ ಎಂದರೆ ಹಿಂದಿನ ಸೀಟು ಕಿತ್ತ ಒಂದು ಮಾರುತಿ ವ್ಯಾನು, ಅದರ ಡ್ರೈವರು ಸಾದಿಕ್. ರೋಗಿ ತಾನೇ ಎದ್ದು ನಡೆದು ಬಂದು ವ್ಯಾನು ಹತ್ತಿದ್ದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. "ಬ್ರದ್ರೇ, ಪೇಷಂಟು ನನಗಿಂತ ಚೆನ್ನಾಗವ್ನೆ. ಇವ್ರೇ ವ್ಯಾನ್ ಓಡಿಸ್ಲಿ, ನಾನ್ ಹಿಂದೆ ಮಲ್ಕೊಂಡ್ ಬರ್ತೀನಿ." ವಾರ್ಡನ್ನು ಆಯಾಳ ಕೈಗೆ ಒಪ್ಪಿಸಿ ನಾನೂ ಹತ್ತಿದೆ. ಹದಿನೈದು ಹಾಸಿಗೆಯನ್ನು ಹಾಗೆ ಬಿಟ್ಟು ಹೋಗುವುದು ಅಪರಾಧ. ಅವತ್ತು ನಾನು ಮಾಡಿದ್ದರಲ್ಲಿ ಅದೇ ಚಿಕ್ಕದು.

ರಾಮನಗರ ದಾಟುವವರೆಗೂ ಕೆಂಪರಾಜು ಮಾತಾಡುತ್ತಿದ್ದ. ನಾನು ಎರಡು ನಿಮಿಷಕ್ಕೊಮ್ಮೆ ಟಾರ್ಚು ಬಿಡುತ್ತಿದ್ದೆ. ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆ ದಾರಿಯಲ್ಲಿ, ಇವನಿಗೆ ಏನೂ ಆಗದಿದ್ದರೆ ನನ್ನ ಗತಿ ಏನು ಎಂಬ ಯೋಚನೆ ನನಗೆ ಬಂತು. ಆರೋಗ್ಯವಾಗಿರುವವನನ್ನು ಸುಳ್ಳು ಕಾಗದದ ಮೇಲೆ ಕರೆದೊಯ್ದರೆ ಕೆಲಸ ಹೋಗುತ್ತದೆ. ಪಾಪೆ ಹಿಗ್ಗಲಿ ಎಂದು ನಾನು ಬೇಡಿಕೊಂಡೆನೇ? ಬೇಡಿಕೊಳ್ಳಲಿಲ್ಲ ಎಂದೇ ನೆನಪು. ಆದರೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಬಿಡದಿಯ ಹತ್ತಿರ ಶಿಫ್ಟಿನ ಬಸ್ಸುಗಳು ಸಾಲಾಗಿ ನಿಂತು ರಸ್ತೆ ಕಟ್ಟಿತ್ತು. ಸಾದಿಕ್ ಹಾರನ್ ಮೇಲೆ ಕೈಯಿಟ್ಟು ಎಲ್ಲ ಚಾಲಕರ ವಂಶಾವಳಿಯನ್ನೂ ಸ್ಮರಿಸುತ್ತಿದ್ದ. ಕೆಂಪರಾಜು ಕಿಟಕಿಯತ್ತ ಕತ್ತು ತಿರುಗಿಸಿ, "ಅಗೋ ಅಕ್ಕ, ನಮ್ ಫ್ಯಾಕ್ಟ್ರಿ ಬಸ್ಸು" ಎಂದ. ಮುಂದಿನ ಮಾತಿಗೆ ನಾಲಿಗೆ ತೊದಲಿತು. ಆಮೇಲೆ ಮಾತಿಲ್ಲ. ಕರೆದೆ, ನೋವಿಗಾದರೂ ಎಚ್ಚರಾಗಲೆಂದು ಎದೆಯ ಮೂಳೆಯನ್ನು ಗೆಣ್ಣಿನಿಂದ ಉಜ್ಜಿದೆ, ಕಣ್ಣು ಬಿಡಲಿಲ್ಲ. ಬಲಗೈ ಮಾತ್ರ ಎದ್ದು ನನ್ನ ಕೈಯನ್ನು ತಳ್ಳಿತು. ಎಡಗೈ ಸ್ಟ್ರೆಚರಿನಿಂದ ಕೆಳಗೆ ಜೋತುಬಿತ್ತು. ಟಾರ್ಚು ಬಿಟ್ಟೆ. ಬಲಗಣ್ಣಿನ ಪಾಪೆ ಬಟ್ಟಲಿನ ಹಾಗೆ ತೆರೆದುಕೊಂಡಿತ್ತು. ನಾಡಿ ಎಣಿಸಿದೆ, ಐವತ್ತೆರಡು. ಬಿಪಿ ಪಟ್ಟಿ ಸುತ್ತಿದೆ. ಚಿಕ್ಕತಾಯಮ್ಮ ಅವನ ತೋಳು ಹಿಡಿದುಕೊಂಡಳು. ನೂರ ಎಂಬತ್ತು, ನೂರು. ವಾಚು ನೋಡಿಕೊಂಡೆ. ನಾಲ್ಕಕ್ಕೆ ಒಂದು ನಿಮಿಷ ಕಡಿಮೆ.

"ಸಾದಿಕ್, ಬಿಡು" ಎಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವನು ವ್ಯಾನನ್ನು ರಸ್ತೆಯಿಂದ ಇಳಿಸಿ, ಅಗೆದು ಹಾಕಿದ ಮಣ್ಣಿನ ಮೇಲೆ ಹಾರಿಸಿಕೊಂಡು ಹೊರಟ.

ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಕಣ್ಣ ಕೆಳಗೆ ಕಪ್ಪಾಗಿದ್ದ ಒಬ್ಬ ಯುವ ವೈದ್ಯೆ ಬಂದು ರೋಗಿಯನ್ನು ನೋಡಿದರು, ಕೂಡಲೇ ಸ್ಕ್ಯಾನಿಗೆ ಕಳಿಸಿದರು, ಆಮೇಲೆ ನನ್ನ ಕಾಗದ ಓದಿದರು. ಕಾಗದದ ಮೇಲೆ ಬೆರಳಿಟ್ಟು ಗೋಡೆಯ ಗಡಿಯಾರ ನೋಡಿದರು. "ಪಾಪೆ ಎರಡೂ ಮುಕ್ಕಾಲಿಗೇ ಹೋಗಿದೆ. ಎರಡು ಗಂಟೆ ಮೇಲಾಯ್ತು" ಎಂದರು. ಆ ಹೊತ್ತಿಗೆ ಅಲ್ಲಿ ಖಾಲಿಯಿದ್ದದ್ದು ಒಂದೇ ಆಪರೇಷನ್ ಮೇಜು. ಇನ್ನೊಂದು ಸ್ಟ್ರೆಚರಿನಲ್ಲಿ ಇನ್ನೊಬ್ಬ ಇದ್ದ. ಅವನ ಪಾಪೆ ಹೋಗಿ ಒಂದು ಗಂಟೆಯಾಗಿತ್ತಂತೆ. ಉಳಿಯುವ ಆಸೆ ಹೆಚ್ಚಿರುವವನು ಮೊದಲು. ಇದು ಅಲ್ಲಿಯ ನಿಯಮ, ನ್ಯಾಯವಾದ ನಿಯಮ. "ಅವನನ್ನ ಮೊದಲು ತಗೊಳ್ಳಿ" ಎಂದು ವೈದ್ಯೆ ಒಳಗೆ ಹೇಳಿ ಕಳಿಸಿದರು.

ನಿಜ ಹೇಳಿದ್ದರೆ ಮೊದಲು ಹೋಗಬೇಕಾದವನು ಕೆಂಪರಾಜು. ಅವನನ್ನು ಹಿಂದಕ್ಕೆ ತಳ್ಳಿದ್ದು ನಾನು ಬರೆದ ಸಮಯ. ಇಷ್ಟು ಅರ್ಥವಾದ ಮೇಲೂ ನಾನು ಗೋಡೆಗೆ ಒರಗಿ ಸುಮ್ಮನೆ ನಿಂತೆ. ಎಷ್ಟು ಹೊತ್ತು? ಐದು ನಿಮಿಷ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು, ಆದ್ದರಿಂದ ತಪ್ಪಾಗುವ ಸಂಭವವಿಲ್ಲ. ಆ ಐದು ನಿಮಿಷ ನಾನು ಕೆಂಪರಾಜುವಿನ ಕುರಿತು ಯೋಚಿಸಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯ ಕುರಿತು ಯೋಚಿಸಿದೆ.

ಆಮೇಲೆ ಹೋಗಿ, ಕಾಗದ ಸುಳ್ಳು, ಪಾಪೆ ಹೋದದ್ದು ನಾಲ್ಕಕ್ಕೆ ಎಂದೆ.

"ಮತ್ತೆ ಎರಡೂ ಮುಕ್ಕಾಲಿಗೆ ಯಾಕೆ ರೆಫರ್ ಮಾಡಿದ್ರಿ?"

ಉತ್ತರವಾಗಿ ಜೇಬಿನಲ್ಲಿದ್ದ ಚಾರ್ಟು ಕೊಟ್ಟೆ. ಅವರು ನಾಲ್ಕು ಗಂಟೆಯ ಸಾಲು ಓದಿದರು, ಐದು ಗಂಟೆಯ ಸಾಲು ಓದಿದರು, ಗಡಿಯಾರ ನೋಡಿದರು. ಐದಾಗಲು ಇನ್ನೂ ಎರಡು ನಿಮಿಷವಿತ್ತು. "ಇದನ್ನ ಯಾವಾಗ ಬರೆದ್ರಿ?" ಮಧ್ಯಾಹ್ನ ಹನ್ನೆರಡಕ್ಕೆ ಎಂದೆ. ಅವರು ನನ್ನ ಹತ್ತಿರ ಬಂದು ಮೂಸಿ ನೋಡಿದರು. "ಬ್ರದರ್, ಕುಡಿದಿದ್ದೀರಾ?"

ಚಿಕ್ಕತಾಯಮ್ಮ ನಡುವೆ ನುಗ್ಗಿದಳು. "ಬಿಡದಿ ಗಂಟ ಮಾತಾಡ್ತಾನೇ ಇದ್ನಲ್ಲವ್ವ! ಫ್ಯಾಕ್ಟ್ರಿ ಬಸ್ ತೋರ್ಸಿ ಆಮ್ಯಾಕೆ ಸುಮ್ಕಾದ. ನಾನ್ಯಾಕ್ ಸುಳ್ ಹೇಳ್ಲಿ, ಬೇಕಾರೆ ಡ್ರೈವರ್ನ ಕೇಳಿ!" ನನ್ನ ಕಾಗದಕ್ಕಿಂತಲೂ ಚಾರ್ಟಿಗಿಂತಲೂ ಆ ಹೆಂಗಸಿನ ಮಾತಿಗೆ ತೂಕವಿತ್ತು. ವೈದ್ಯೆ ಸ್ಕ್ಯಾನ್ ಕೋಣೆಗೆ ಓಡಿದರು. ಹೊರಗೆ ಬಂದಾಗ ಅವರ ಮುಖ ಬೇರೆಯಾಗಿತ್ತು. ಎರಡನೇ ಪಾಪೆಯೂ ಆಗ ತಾನೇ ಹೋಗಿತ್ತು; ಕೂಡಲೇ ತಲೆ ತೆರೆದರೆ ಮಾತ್ರ ಆಸೆ. ಅವರು ಯಾರ ಹತ್ತಿರವೋ ಜೋರಾಗಿ ಮಾತಾಡಿದರು. ಮೇಜಿನ ಸರದಿ ಬದಲಾಯಿತು. ಕೆಂಪರಾಜುವನ್ನು ನನ್ನ ಮುಂದೆಯೇ ಒಳಗೆ ತಳ್ಳಿಕೊಂಡು ಹೋದರು. ಇನ್ನೊಂದು ಸ್ಟ್ರೆಚರು ಅಲ್ಲೇ ಉಳಿಯಿತು. ಅದರಲ್ಲಿದ್ದವನು ಯಾರು, ಏನಾದ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಚಾರ್ಟು ಕೇಸಿನ ಕಾಗದಗಳ ಜೊತೆ ಆ ಆಸ್ಪತ್ರೆಯಲ್ಲೇ ಉಳಿಯಿತು. ನನ್ನ ಕೆಲಸ ಹೋಯಿತು. ಸುಳ್ಳು ಕಾಗದ ಬರೆದದ್ದಕ್ಕೆ, ವಾರ್ಡು ಬಿಟ್ಟು ಹೋದದ್ದಕ್ಕೆ ಎಂದು ಡಾಕ್ಟರು ಎರಡು ಕಾರಣ ಕೊಟ್ಟರು. ಎರಡೂ ಸರಿ. ಚಾರ್ಟಿನ ವಿಷಯವನ್ನು ನಾನು ನಮ್ಮ ಎಕ್ಸ್‌ರೇಯವರಿಗೆ ಮಾತ್ರ ಹೇಳಿದೆ. ಅವರು ಯೋಚನೆ ಮಾಡಿ, ಹನ್ನೆರಡಕ್ಕೆ ನೋಡಿದಾಗಲೇ ನಿಮ್ಮ ಕಣ್ಣಿಗೆ ಏನೋ ಸೂಕ್ಷ್ಮ ಬಿದ್ದಿರುತ್ತದೆ, ತಲೆಗೆ ಗೊತ್ತಾಗಲಿಲ್ಲ, ಕೈಗೆ ಗೊತ್ತಾಯಿತು, ಅನುಭವ ಎಂದರೆ ಅದೇ ಎಂದರು. ವಿವರಣೆ ಚೆನ್ನಾಗಿದೆ, ನನಗೆ ಗೌರವ ತರುವಂಥದ್ದೂ ಹೌದು. ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ನಾಡಿ ಐವತ್ತೆರಡೇ ಆಗುತ್ತದೆಂದು ಯಾವ ಅನುಭವ ಹೇಳುತ್ತದೆ? ಆರು ಗಂಟೆಯ ಸಾಲು ಖಾಲಿ ಇದ್ದುದಕ್ಕೆ ನಾನು ಸಾವೆಂದು ಅರ್ಥ ಮಾಡಿಕೊಂಡಿದ್ದೆ. ಆರು ಗಂಟೆಗೆ ಅವನು ಆಪರೇಷನ್ ಮೇಜಿನ ಮೇಲಿದ್ದ; ನನ್ನ ಚಾರ್ಟಿನಲ್ಲಿ ಬರೆಯಲು ಅಲ್ಲಿ ಯಾರೂ ಇರಲಿಲ್ಲ. ಅದೂ ಸರಿಯಾಗಿಯೇ ಇತ್ತು. ಅದು ಅವನನ್ನು ಉಳಿಸಲು ಬಂದ ಎಚ್ಚರಿಕೆಯೋ, ಅಥವಾ ಆ ಸಾಲನ್ನು ನಾನು ಓದದೇ ಇದ್ದಿದ್ದರೆ, ನಿಜವಾಗಿ ಗಂಟೆಗೊಮ್ಮೆ ಹೋಗಿ ನೋಡಿದ್ದಿದ್ದರೆ, ಬೇರೆ ಏನಾದರೂ ಆಗುತ್ತಿತ್ತೋ, ತಿಳಿಯದು. ಆಮೇಲೆ ಬೇರೆ ಆಸ್ಪತ್ರೆಗಳಲ್ಲಿ ಎಂಟು ವರ್ಷ ಕೆಲಸ ಮಾಡಿದೆ. ಕಂಡಾಗ ಬರೆದೆ, ಕಂಡದ್ದನ್ನು ಬರೆದೆ. ಮತ್ತೆ ಹಾಗೆ ಆಗಲಿಲ್ಲ.

ಕೆಂಪರಾಜು ಒಂದೂವರೆ ತಿಂಗಳ ಮೇಲೆ ಊರಿಗೆ ಬಂದ. ಕಣ್ಣು ಬಿಡುತ್ತಿದ್ದ, ಆದರೆ ನೋಡುತ್ತಿರಲಿಲ್ಲ. ಕಾಂಟ್ರಾಕ್ಟರು ಅಂಥ ಹೆಸರಿನವನು ತನ್ನ ಪಟ್ಟಿಯಲ್ಲೇ ಇಲ್ಲ ಎಂದ. ನಾನು ವಾರಕ್ಕೊಮ್ಮೆ ಬಸ್ಸು ಹತ್ತಿ ಸಾತನೂರಿಗೆ ಹೋಗಿ, ಅಲ್ಲಿಂದ ನಡೆದು ಅವರ ಮನೆಗೆ ಹೋಗುತ್ತಿದ್ದೆ. ಮೂಗಿನ ಟ್ಯೂಬಿನಲ್ಲಿ ಗಂಜಿ ಬಿಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಬೆನ್ನು ಹುಣ್ಣಾಗದಂತೆ ಉಜ್ಜುವುದು, ಎಲ್ಲವನ್ನೂ ಚಿಕ್ಕತಾಯಮ್ಮನಿಗೆ ತೋರಿಸಿಕೊಟ್ಟೆ. ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಒಂದು ದಿನ ಅವನ ಬಾಯಿ ಒರೆಸುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ಅವತ್ತು ಎಲ್ಡ್ ಕಣ್ಣೂ ಒಂದೇ ತರ ಇದ್ವು ಅಲ್ವಾ ಬ್ರದ್ರೇ?"

ಹೌದು ಎಂದೆ.

"ನನ್ ಕಣ್ಣೇ ಸರಿಯಾಗಿತ್ತು ಬುಡಿ" ಎಂದಳು. ಒರೆಸಿದ ಬಟ್ಟೆ ಮಡಿಸಿಟ್ಟು, "ನೀವ್ ಅವತ್ತು ಸುಮ್ಕಿದ್ದಿದ್ರೆ ಅವತ್ತೇ ಮುಗ್ದೋಗದು" ಎಂದಳು. ಅದನ್ನು ಕೃತಜ್ಞತೆಯಿಂದ ಹೇಳಿದಳೋ, ಬೈದಳೋ ನನಗೆ ಗೊತ್ತಾಗಲಿಲ್ಲ. ಕೇಳಲಿಲ್ಲ. ಹಾಲು ಕರೆಯುವ ಹೊತ್ತಾಯಿತೆಂದು ಅವಳು ಎದ್ದು ಹೋದಳು. ನಾನು ಅವನನ್ನು ಎಡಮಗ್ಗುಲಿಗೆ ತಿರುಗಿಸಿ ಕೂತೆ.

ಹನ್ನೊಂದು ತಿಂಗಳ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಎದೆಯಲ್ಲಿ ಕಫ ಕಟ್ಟಿ ಕೆಂಪರಾಜು ತೀರಿಕೊಂಡ.